ವೀಸಾ ಅಣ್ಣ ತಲೆಮರೆಸಿಕೊಂಡಿದ್ದು

ಸರ್ಕಾರಕ್ಕೆ ಪ್ರಶ್ನೆ ಹಾಕುವವರ ಬಳಿ ಕೆಲಸಕ್ಕಿದ್ದರೆ ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ, ನಗು ಟಪಾಲಿನಲ್ಲೇ ಬರುತ್ತದೆ. ನಾನು ಕೊರಟಗೆರೆಯ ತಾಲ್ಲೂಕು ಕಚೇರಿ ಗುಮಾಸ್ತ. ನಮ್ಮ ಕಡೆಯ ವಿಧಾನ ಪರಿಷತ್ ಸದಸ್ಯೆಯೊಬ್ಬರಿಗೆ ಆಪ್ತ ಸಹಾಯಕನಾಗಿ ಬಂದವನು. ಮೇಡಂ ಹಿಂದೆ ಮಧುಗಿರಿ ಕೋರ್ಟಿನಲ್ಲಿ ವಕೀಲರಾಗಿದ್ದರು. ಕರಿ ಕೋಟು ಬಿಟ್ಟರು, ಪಾಟಿಸವಾಲು ಬಿಡಲಿಲ್ಲ. ಪ್ರಶ್ನೆ ಕೇಳುವವರನ್ನು ಬಹಳ ಜನರನ್ನು ನೋಡಿದ್ದೇನೆ. ಉತ್ತರ ಬಂದ ಮೇಲೆ ಅದನ್ನು ಪೂರ್ತಿ ಓದುವವರನ್ನು ಕಂಡಿದ್ದು ಇವರೊಬ್ಬರನ್ನೇ.

ಪ್ರಶ್ನೆ ಬರೆಯುವುದಕ್ಕೂ ಒಂದು ರೀತಿ ಇದೆ. ‘ಇಂಥದ್ದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಮೊದಲು ಕೇಳಬೇಕು. ‘ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?’ ಎಂದು ಆಮೇಲೆ. ಅವರು ಮೊದಲನೆಯದಕ್ಕೆ ‘ಬಂದಿಲ್ಲ’ ಎಂದೂ ಎರಡನೆಯದಕ್ಕೆ ‘ಉದ್ಭವಿಸುವುದಿಲ್ಲ’ ಎಂದೂ ಬರೆದು ಕೈತೊಳೆದುಕೊಳ್ಳುತ್ತಾರೆ. ಸದನದಲ್ಲಿ ಸಚಿವರು ಎದ್ದು ನಿಂತು ಉತ್ತರ ಕೊಡಬೇಕಾದರೆ ಲಾಟರಿ ಎತ್ತುವಾಗ ನಮ್ಮ ಪ್ರಶ್ನೆಯ ಚೀಟಿ ಏಳಬೇಕು, ಇಲ್ಲದಿದ್ದರೆ ಬರೀ ಲಿಖಿತ ಉತ್ತರ. ಅದು ಅದೃಷ್ಟದ ಮಾತು.

ಮಧುಗಿರಿಯ ನಮ್ಮ ಕಚೇರಿಗೆ ಪ್ರತಿ ಸೋಮವಾರ ಶಿರಾದಿಂದ ಒಬ್ಬ ತಾಯಿ ಬರುತ್ತಿದ್ದರು. ರಜಾಯಿ ಹೊಲಿದು ಬದುಕುವವರು. ಒಬ್ಬನೇ ಮಗ. ಊರೆಲ್ಲ ‘ವೀಸಾ ಅಣ್ಣ’ ಎಂದು ಕರೆಯುವ ಏಜೆಂಟನೊಬ್ಬ ಅವನನ್ನು ಎಸಿ ರಿಪೇರಿ ಕೆಲಸ ಎಂದು ನಂಬಿಸಿ ಗಲ್ಫಿಗೆ ಕಳಿಸಿದ್ದ. ಅಲ್ಲಿ ಏಜೆಂಟನ ಪಾಲುದಾರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು ಹುಡುಗನನ್ನು ಮರಳುಗಾಡಿಗೆ ಅಟ್ಟಿದ್ದ.

“ಅಲ್ಲಿ ಒಂಟೆ ಕಾಯ್ತಾವ್ನೆ ಮೇಡಂ. ಯಾ ಅಲ್ಲಾ, ಅವ್ನಿಗೆ ಇಲ್ಲಿ ಮೇಕೆ ಕಂಡ್ರೇ ಭಯ!” ಎಂದು ಅತ್ತರು.

ಮೇಡಂ ಪ್ರಶ್ನೆ ಹಾಕಿದರು. ಚೀಟಿ ಏಳಲಿಲ್ಲ. ‘ವಲಸೆ ವಿಷಯವು ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರುತ್ತದೆ’ ಎಂದು ಲಿಖಿತ ಉತ್ತರ ಬಂತು. ನಾನು ಓದಿ ಹೇಳಿದೆ.

“ಅಲ್ಲಿಗೆ ಎಷ್ಟೊತ್ತಿಗೈತೆ ಬಸ್ಸು?” ಎಂದರು ಆ ತಾಯಿ.

ನನಗೆ ನಗು ಬಂತು. ಮೇಡಂ ನಗಲಿಲ್ಲ. “ದೆಹಲಿಗೆ ನಾನು ಬರೀತೀನಿ. ಆದ್ರೆ ಮೋಸ ಮಾಡಿದೋನು ಇಲ್ಲಿಯೋನು, ಹಿಡಿಬೇಕಾದ ಪೊಲೀಸ್ರೂ ಇಲ್ಲಿಯೋರೇ. ಚೀಟಿ ಏಳೋವರ್ಗೂ ಪ್ರಶ್ನೆ ಹಾಕ್ತಾನೇ ಇರ್ತೀನಿ ಕಣಮ್ಮ,” ಎಂದರು. ಹಾಗೆ ಕಾಯುತ್ತಿದ್ದ ದಿನಗಳಲ್ಲಿ ನಡೆದವು ಇವು.

ಇಪ್ಪತ್ನಾಲ್ಕು ಗಂಟೆಯ ಹೊರಠಾಣೆ

ಒಂದು ಹಳ್ಳಿಯ ಪೊಲೀಸ್ ಹೊರಠಾಣೆಯ ಬಾಗಿಲು ತೆಗೆಯದೆ ವರ್ಷವಾಯಿತು ಎಂದು ದೂರು ಬಂತು. ಮೇಡಂ ಕೇಳಿದರು. ‘ಸದರಿ ಹೊರಠಾಣೆಯು ದಿನದ ಇಪ್ಪತ್ನಾಲ್ಕು ಗಂಟೆಯೂ ಕಾರ್ಯನಿರ್ವಹಿಸುತ್ತಿದೆ’ ಎಂದು ಉತ್ತರ ಬಂತು. ಗೊರವನಹಳ್ಳಿ ಲಕ್ಷ್ಮಿಗೆ ಹಣ್ಣುಕಾಯಿ ಮಾಡಿಸಿಕೊಂಡು ವಾಪಸು ಬರುವಾಗ ಮೇಡಂ ಕಾರನ್ನು ಆ ಹಳ್ಳಿಗೆ ತಿರುಗಿಸಿದರು.

ಬಾಗಿಲಿಗೆ ಬೀಗ. ಜಗಲಿ ತುಂಬ ಹುಣಸೆಹಣ್ಣು ಒಣಗಲು ಹರಡಿದೆ. ಪಕ್ಕದಲ್ಲಿ ಕೋಲು ಹಿಡಿದ ಒಬ್ಬ ಅಜ್ಜಿ.

“ಇಲ್ಲಿ ಯಾರೂ ಇಲ್ವೇನಜ್ಜಿ?”

“ನಾನಿಲ್ವಾ? ಹಗ್ಲೂ ರಾತ್ರಿ ಇಲ್ಲೇ ಬಿದ್ದಿರ್ತೀನಿ. ಜಗಳ ಆಡ್ಕಂಡು ಕಂಪ್ಲೇಂಟ್ ಕೊಡಕ್ಕೆ ಬತ್ತಾರೆ. ಇಬ್ರಿಗೂ ಬೈದು, ನೀರು ಕುಡ್ಸಿ, ಕಳಿಸ್ಬುಡ್ತೀನಿ.”

“ಹೋಗದೆ ಇದ್ರೆ?”

ಅಜ್ಜಿ ಕೋಲು ತೋರಿಸಿತು.

ಮುಂದಿನ ವಾರ ಸದನದಲ್ಲಿ ಮೇಡಂ ಎದ್ದು ನಿಂತರು. “ಮಾನ್ಯ ಸಭಾಪತಿಗಳೇ, ಸಚಿವರ ಉತ್ತರ ಅಕ್ಷರಶಃ ನಿಜ. ನಾನೇ ನೋಡಿ ಬಂದೆ. ಹೊರಠಾಣೆ ಇಪ್ಪತ್ನಾಲ್ಕು ಗಂಟೆಯೂ ನಡೆಯುತ್ತಿದೆ, ಒಂದು ಕೇಸೂ ಬಾಕಿ ಇಲ್ಲ. ಅಲ್ಲಿನ ಅಧಿಕಾರಿಗೆ ವಯಸ್ಸು ಎಪ್ಪತ್ತೈದು. ದಯವಿಟ್ಟು ಅವರಿಗೊಂದು ಖಾಕಿ ಸೀರೆ ಮಂಜೂರು ಮಾಡಿಸಿ.”

ಮೊದಲು ನಕ್ಕವರು ಸಚಿವರೇ. ವಾರದೊಳಗೆ ಇಬ್ಬರು ಕಾನ್‌ಸ್ಟೇಬಲ್‌ಗಳು ಬಂದರು. ಅಜ್ಜಿ ದೊಡ್ಡ ಮನಸ್ಸು ಮಾಡಿ ಅವರಿಗೆ ಅರ್ಧ ಜಗಲಿ ಬಿಟ್ಟುಕೊಟ್ಟಿತಂತೆ.

ನನ್ನ ಬಂಧನ

ಡಿಜಿಟಲ್ ಅರೆಸ್ಟ್ ಎಂಬ ಮೋಸದ ಬಗ್ಗೆ ಪ್ರಶ್ನೆ ಬರೆದವನು ನಾನೇ. ಪೊಲೀಸ್ ವೇಷ ಹಾಕಿಕೊಂಡು ವಿಡಿಯೋ ಕರೆ ಮಾಡುತ್ತಾರೆ, ಬಂಧಿಸಿದ್ದೇವೆ ಎನ್ನುತ್ತಾರೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ ಎಂದು ಹೆದರಿಸುತ್ತಾರೆ. ಇಷ್ಟನ್ನೂ ನನ್ನ ಕೈಯಾರೆ ಟೈಪು ಮಾಡಿ ಕಳಿಸಿದ ನಾಲ್ಕನೆಯ ದಿನ, ಭಾನುವಾರ ಬೆಳಿಗ್ಗೆ, ನಾನೇ ಅರೆಸ್ಟ್ ಆದೆ.

ಹೇಗೆ ಎಂದು ಕೇಳಬೇಡಿ. ಖಾಕಿ ಕಂಡ ಕೂಡಲೇ ಗುಮಾಸ್ತನ ಕೈ ತಾನಾಗಿ ಕಟ್ಟಿಕೊಳ್ಳುತ್ತದೆ. ದೇವರ ಕೋಣೆಯಲ್ಲಿ ಫೋನಿನ ಮುಂದೆ ಎರಡು ಗಂಟೆ ಕೂತಿದ್ದೆ. ಹೆಂಡತಿ ತಿಂಡಿ ತಂದರೆ, “ಕಸ್ಟಡಿಯಲ್ಲಿದ್ದೀನಿ ಕಣೇ, ಈಗ ತಿನ್ನಂಗಿಲ್ಲ,” ಎಂದೆ. ಅವಳು ಮೇಡಂಗೆ ಫೋನು ಮಾಡಿದಳು.

ಮೇಡಂ ಬಂದು ನನ್ನ ಪಕ್ಕ ಚಾಪೆಯ ಮೇಲೆ ಕೂತರು. ಫೋನಿನೊಳಗಿನ ಸಾಹೇಬ ಯಾರು ನೀವು ಎಂದು ಗದರಿದ.

“ಇವರ ವಕೀಲೆ. ಯಾವ ಸೆಕ್ಷನ್ ಹಾಕಿದ್ದೀರಿ?”

ಅವನು ಯಾವುದೋ ಕಾಯ್ದೆ, ಯಾವುದೋ ನಂಬರು ಹೇಳಿದ.

“ಅದು ದನ ಬೇರೆಯವರ ಹೊಲಕ್ಕೆ ನುಗ್ಗಿದರೆ ಹಾಕೋ ಸೆಕ್ಷನ್ ಕಣಪ್ಪ. ಇವರ ಮನೇಲಿ ಬೆಕ್ಕೂ ಇಲ್ಲ. ಸ್ವಲ್ಪ ಎದ್ದು ನಿಲ್ಲು, ಬೆಲ್ಟು ನೋಡೋಣ. ಅದು ಸ್ಕೂಲ್ ಮಕ್ಕಳ ಬೆಲ್ಟಲ್ವಾ?”

ಕರೆ ಕಡಿದುಹೋಯಿತು. ಮೇಡಂ ತಾವೇ ವಾಪಸು ಫೋನು ಮಾಡಿದರು. ಅವನು ನಮ್ಮ ನಂಬರನ್ನೇ ಬ್ಲಾಕ್ ಮಾಡಿದ್ದ.

“ನೋಡ್ರಿ,” ಎಂದರು ಮೇಡಂ, “ಅರೆಸ್ಟ್ ಆದೋರು ಇಲ್ಲೇ ಕೂತಿದ್ದೀರಿ, ಅರೆಸ್ಟ್ ಮಾಡಿದೋನು ಪರಾರಿ.”

ಹೊರಗಿನವರು ಯಾರು?

ಮೇಡಂ ತಪ್ಪು ಮಾಡುವುದೇ ಇಲ್ಲ ಎಂದಲ್ಲ. ಹೊರ ರಾಜ್ಯಗಳಿಂದ ಇಟ್ಟಿಗೆ ಗೂಡುಗಳಿಗೆ ಬರುವ ಕೂಲಿಗಳು ದಳ್ಳಾಳಿಗಳ ಕೈಗೆ ಸಿಕ್ಕಿ ಒದ್ದಾಡುತ್ತಾರೆಂದು, ಹೊರಗಿನಿಂದ ಬಂದವರು ಎಷ್ಟು ಮಂದಿ ಎಂದು ಕೇಳಿದರು. ಕಚೇರಿಯಿಂದ ಕಚೇರಿಗೆ ಕೆಳಗಿಳಿಯುತ್ತ ಇಳಿಯುತ್ತ ಆ ಪ್ರಶ್ನೆ ‘ಹೊರಗಿನವರನ್ನು ಪತ್ತೆ ಮಾಡಿ’ ಎಂಬ ಆದೇಶವಾಯಿತು.

ಪಾವಗಡದ ಕಡೆ ಪಟ್ಟಿ ಮಾಡಲು ಹೋದವನು ಬೀದರಿನಿಂದ ಹೊಸದಾಗಿ ಬಂದಿದ್ದ ಕಾನ್‌ಸ್ಟೇಬಲ್. ಒಂದು ಬೀದಿಗೆ ಕಾಲಿಟ್ಟರೆ ಎಲ್ಲ ಮನೆಯಲ್ಲೂ ತೆಲುಗು. ಪೂರ್ತಿ ಬೀದಿಯನ್ನೇ ಹೊರಗಿನವರೆಂದು ಬರೆದುಕೊಂಡ. ಕಟ್ಟೆಯ ಮೇಲಿದ್ದ ತಾತ ಕರೆದು ವಿಚಾರಿಸಿದ.

“ಮೀದಿ ಏ ಊರು ನಾಯನಾ?”

ಅವನಿಗೆ ಅರ್ಥವಾಗಲಿಲ್ಲ. ತಾತ ಕನ್ನಡಕ್ಕೆ ತಿರುಗಿದ. “ನಿಮ್ದು ಯಾವೂರು ಸಾಮಿ?”

“ಬೀದರ್ ರೀ.”

“ಬಸ್ಸಾಗೆ ಎಷ್ಟೊತ್ತು?”

“ಒಂದ್ ದಿನಾನೇ ಹಿಡೀತದ.”

“ನಮ್ಗೆ ಆಂಧ್ರ ಅಗೋ, ಆ ಬೇವಿನ ಮರದ ತಾವ. ಅಷ್ಟು ಹತ್ರ ಇದ್ರೂ ನಾವ್ಯಾರೂ ಅಲ್ಲಿಂದ ಬಂದೋರಲ್ಲ, ನಮ್ಮ ತಾತಂದ್ರೂ ಇಲ್ಲೇ ಹುಟ್ಟಿದ್ದು. ಈಗ ನೀವೇ ಹೇಳಿ, ಈ ಬೀದಿಗೆ ಹೊರಗಿಂದ ಬಂದೋರು ಯಾರು?”

ವಿಷಯ ತಿಳಿದು ಮೇಡಂ ಆ ಬೀದಿಗೆ ಹೋಗಿ, “ನನ್ನ ಪ್ರಶ್ನೆಯಿಂದಲೇ ಹೀಗಾಯಿತು,” ಎಂದು ಕೈ ಮುಗಿದು ಬಂದರು. ಅಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡ ಜನಪ್ರತಿನಿಧಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕಾನ್‌ಸ್ಟೇಬಲ್ ಕೂಡ ಪ್ರಾಮಾಣಿಕ. ಬೀದಿಯವರ ಹೆಸರನ್ನೆಲ್ಲ ಹೊಡೆದುಹಾಕಿ ಕಳಿಸಿದ ಪಟ್ಟಿಯಲ್ಲಿ ಒಂದೇ ಹೆಸರು ಉಳಿದಿತ್ತು, ಅದು ಅವನದೇ.

ಗ್ಯಾಲರಿಯ ಎರಡನೇ ಸಾಲು

ಕೊನೆಗೂ ಶಿರಾ ತಾಯಿಯ ಪ್ರಶ್ನೆಗೆ ಚೀಟಿ ಎದ್ದಿತು. ಸಚಿವರ ಉತ್ತರವನ್ನು ಕಿವಿಯಾರೆ ಕೇಳಲಿ ಎಂದು ಮೇಡಂ ಅವರಿಗೆ ಗ್ಯಾಲರಿ ಪಾಸು ಕೊಡಿಸಿದರು. ಬೆಂಗಳೂರಿಗೆ ನಾನೇ ಕರೆದುಕೊಂಡು ಹೋದೆ.

ಇಲ್ಲಿ ನನ್ನದೊಂದು ಘನಕಾರ್ಯವನ್ನು ಹೇಳಬೇಕು. ನಮ್ಮ ಕಡೆಯವರು ಯಾರೇ ಕೇಳಿದರೂ ಪಾಸು ಇಲ್ಲ ಎನ್ನಬಾರದು ಎಂಬುದು ಮೇಡಂ ಕಟ್ಟಳೆ. ಆಧಾರ್ ಪ್ರತಿ ಇಟ್ಟುಕೊಂಡು ಬರೆದುಕೊಡುತ್ತೇನೆ. ಎರಡು ದಿನ ಮುಂಚೆ ಬಿಳಿ ಅಂಗಿಯ ಗಣ್ಯರೊಬ್ಬರು ಪಟ್ಟನಾಯಕನಹಳ್ಳಿ ಕಡೆಯ ಆರು ಹುಡುಗರನ್ನು ಕರೆತಂದು, “ಹುಡುಗ್ರಿಗೆ ವಿಧಾನಸೌಧ ತೋರಿಸ್ಬೇಕಿತ್ತು ಸಾರ್,” ಎಂದಿದ್ದರು. ಏಳು ಪಾಸು ಬರೆದುಕೊಟ್ಟು ಟೀ ಕೂಡ ಕುಡಿಸಿದ್ದೆ.

ಗೇಟಿನಲ್ಲಿ ಎಲ್ಲರ ಮೊಬೈಲನ್ನೂ ಸ್ವಿಚ್ ಆಫ್ ಮಾಡಿಸಿ ಇಟ್ಟುಕೊಂಡು ಟೋಕನ್ ಕೊಡುತ್ತಾರೆ. ಮೆಟ್ಟಿಲು ಹತ್ತುವಾಗ ಆ ತಾಯಿಯನ್ನು ಅವರ ಮಾತಿನಲ್ಲೇ ಅಕ್ಕ ಎಂದು ಕರೆದು ಹೇಳಿದೆ. “ಆಪಾ, ಮೇಲೆ ಏನೇ ಆದ್ರೂ ತುಟಿಪಿಟಕ್ ಅನ್ನಬಾರ್ದು. ಮಾತಾಡಿದ್ರೆ ಮಾರ್ಷಲ್ ಹೊರಗೆ ಕಳಿಸ್ತಾರೆ.” ಅವರು ತಲೆಯಾಡಿಸಿದರು.

ಸಚಿವರು ಎದ್ದು ಓದಿದರು. “ವೀಸಾ ಅಣ್ಣ ಎಂಬ ಆರೋಪಿಯ ಪೂರ್ಣ ಹೆಸರು, ವಿಳಾಸ ತಿಳಿದುಬಂದಿರುವುದಿಲ್ಲ. ಆತ ತಲೆಮರೆಸಿಕೊಂಡಿದ್ದು, ಮೊಬೈಲ್ ಸ್ವಿಚ್ ಆಫ್ ಆಗಿರುತ್ತದೆ. ಪತ್ತೆಗೆ ವಿಶೇಷ ತಂಡ ರಚಿಸಲಾಗಿದೆ.”

ನಾನು ತಾಯಿಯ ಮುಖ ನೋಡಲು ತಿರುಗಿದೆ. ಅವರು ಜಾಗದಲ್ಲಿಲ್ಲ. ಎರಡನೇ ಸಾಲಿನಲ್ಲಿ, ನಾನು ಟೀ ಕುಡಿಸಿದ ಬಿಳಿ ಅಂಗಿಯ ಪಕ್ಕದಲ್ಲಿ ಕೂತಿದ್ದಾರೆ. ಆ ಅಂಗಿಯ ಕೊರಳಪಟ್ಟಿ ಅವರ ಮುಷ್ಟಿಯಲ್ಲಿದೆ. ಬಾಯಿಂದ ಒಂದು ಸದ್ದಿಲ್ಲ. ಅವನು ಏಳಲು ನೋಡುತ್ತಾನೆ, ಇವರು ಜಗ್ಗಿ ಕೂರಿಸುತ್ತಾರೆ. ಅವನೂ ಕೂಗುವಂತಿಲ್ಲ. ಹೊಸದಾಗಿ ಗಲ್ಫಿಗೆ ಕಳಿಸಬೇಕಾಗಿದ್ದ ಆ ಆರು ಹುಡುಗರಿಗೆ, ವಿಧಾನಸೌಧದಲ್ಲಿ ತನಗೆಷ್ಟು ಬೆಲೆ ಇದೆ ಎಂದು ತೋರಿಸಲು ಬಂದಿದ್ದ ಪುಣ್ಯಾತ್ಮ. ಅವನನ್ನು ಯಾರಾದರೂ ಹುಡುಕುತ್ತಿದ್ದಾರೆ ಎಂಬುದು ಅವನಿಗೆ ತಿಳಿದದ್ದೇ ಸಚಿವರ ಬಾಯಿಂದ.

ಕೂಡಲೇ ಒಂದು ಚೀಟಿ ಬರೆದು ಮಾರ್ಷಲ್ ಮೂಲಕ ಮೇಡಂಗೆ ಕಳಿಸಿದೆ: ‘ವೀಸಾ ಅಣ್ಣ ಮೇಲೆ ಎರಡನೇ ಸಾಲಿನಲ್ಲಿದ್ದಾನೆ. ಆಪಾ ಹಿಡಿದಿದ್ದಾರೆ. ಪಾಸು ಕೊಟ್ಟವನು ನಾನೇ. ಕ್ಷಮಿಸಿ.’

ಮೇಡಂ ಓದಿದರು. ಒಮ್ಮೆ ತಲೆಯೆತ್ತಿ ನೋಡಿದರು.

“ಸಭಾಪತಿಗಳೇ, ಒಂದು ಉಪಪ್ರಶ್ನೆ. ಆ ವಿಶೇಷ ತಂಡ ಈಗ ಎಲ್ಲಿದೆ?”

“ಹೊರ ರಾಜ್ಯಕ್ಕೆ ತೆರಳಿದೆ,” ಎಂದರು ಸಚಿವರು.

“ಅಷ್ಟು ದೂರ ಬೇಡ, ಒಂದು ಮಹಡಿ ಹತ್ತಲು ಹೇಳಿ. ಮೊಬೈಲು ನಮ್ಮ ಗೇಟಿನಲ್ಲೇ ಇದೆ. ಪೂರ್ಣ ಹೆಸರು, ವಿಳಾಸ ನನ್ನ ಸಹಾಯಕರ ಕಡತದಲ್ಲಿದೆ. ಬೇಗ ಹೇಳಿ ಸಾರ್, ಅಂಗಿ ಹರಿದುಹೋದೀತು.”

ಇಡೀ ಸದನ ಕತ್ತೆತ್ತಿ ಮೇಲೆ ನೋಡಿತು. ಸಚಿವರನ್ನೂ ಮೆಚ್ಚಬೇಕು, ಕೂತಲ್ಲಿಂದಲೇ ಪೊಲೀಸರಿಗೆ ಕೈಸನ್ನೆ ಮಾಡಿದರು. ಆ ಸಂಜೆ ವೀಸಾ ಅಣ್ಣ ಠಾಣೆಯಿಂದ ತಾನೇ ಗಲ್ಫಿನ ಪಾಲುದಾರನಿಗೆ ಫೋನು ಮಾಡಿ ಪಾಸ್‌ಪೋರ್ಟ್ ಕೊಡಿಸಿದ. ಹದಿನೈದು ದಿನಕ್ಕೆ ಹುಡುಗ ಶಿರಾ ಬಸ್ ನಿಲ್ದಾಣದಲ್ಲಿ ಇಳಿದ. ಆ ಸುದ್ದಿ ಬಂದಾಗ ಕಚೇರಿಯಲ್ಲೇ ನಾನು ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮುಂದಿನ ಸೋಮವಾರ ಆ ತಾಯಿ ಮಗನನ್ನು ಕರೆದುಕೊಂಡು ಬಂದರು. ಅದೇ ದಿನದ ಟಪಾಲಿನಲ್ಲಿ ಮೇಡಂಗೆ ಒಂದು ನೋಟಿಸು: ‘ತಮ್ಮ ಪಾಸಿನ ಮೇಲೆ ಬಂದ ಪ್ರೇಕ್ಷಕರು ಗ್ಯಾಲರಿಯ ಶಿಸ್ತನ್ನು ಉಲ್ಲಂಘಿಸಿದ್ದು, ಈ ಬಗ್ಗೆ ವಿವರಣೆ ನೀಡುವುದು.’

ಮೇಡಂ ಅದನ್ನು ಓದಿ ಹೇಳಿದರು. “ಏನಮ್ಮಾ ಬರೆಯೋಣ ಇದಕ್ಕೆ?”

ಆ ತಾಯಿ ಮಗನನ್ನು ನೋಡಿದರು, ಆಮೇಲೆ ನನ್ನ ಕಡೆ ಬೆರಳು ಮಾಡಿದರು.

“ಈ ಸಾಹೇಬ್ರು ಮಾತಾಡ್ಬೇಡ ಅಂದ್ರು, ನಾನು ಒಂದು ಮಾತೂ ಆಡ್ಲಿಲ್ಲ. ಹಿಡ್ಕಬೇಡ ಅಂತ ಅವ್ರು ಹೇಳೇ ಇರ್ಲಿಲ್ವಲ್ಲಾ ಮೇಡಂ!”