ಪರಕೀಯನ ಬೆರಳು

ಶುಕ್ರವಾರ ಸಂಜೆ ನಫ್ತಾಲಿ ಅಸುಲಿನ್ ತೀರಾ ದಣಿದಿದ್ದ. ದಣಿದವನು ಎಸಿಯನ್ನು ತಾನಾಗಿ ಹಾಕಿ ಆರಿಸುವ ಶಬ್ಬತ್ ಗಡಿಯಾರಕ್ಕೆ ಕೈ ಹಾಕಬಾರದು. ಮೊದಲು ಮನೆಯ ಎಸಿಗೆ ವೇಳೆ ಕಟ್ಟಿದ, ಆಮೇಲೆ ಓಡಿಹೋಗಿ ಪ್ರಾರ್ಥನಾಮಂದಿರದ ಎಸಿಗೂ ಅದೇ ಓಘದಲ್ಲಿ ಕಟ್ಟಿದ. ಅಷ್ಟರಲ್ಲಿ ಹೊತ್ತು ಮುಳುಗಿ ಶಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಶುರುವಾಯಿತು. ಇನ್ನು ಮರುದಿನ ನಕ್ಷತ್ರ ಕಾಣುವ ತನಕ ಯಾವ ಯೆಹೂದಿಯೂ ಸ್ವಿಚ್ಚು ಮುಟ್ಟುವಂತಿಲ್ಲ, ಗಡಿಯಾರ ಹೇಳಿದ್ದೇ ಸರಿ. ಆ ರಾತ್ರಿ ಅವನು ಮನೆಯಲ್ಲಿ ತಣ್ಣಗೆ ಮಲಗಿ ನಿದ್ದೆ ಮಾಡಿದ.

ಎಷ್ಟೋ ವರ್ಷಗಳಿಂದ ಆ ಮಂದಿರದ ಪಾರುಪತ್ಯ ಅವನದು. ಹರಿದ ಪುಸ್ತಕ ಅಂಟಿಸುವುದು, ಬಾಗಿಲು ತೆಗೆಯುವುದು, ಎಸಿ ಜಾಸ್ತಿಯಾಯಿತು ಎನ್ನುವವರನ್ನೂ ಕಡಿಮೆಯಾಯಿತು ಎನ್ನುವವರನ್ನೂ ಒಂದೇ ಬೆಂಚಿನಲ್ಲಿ ಕೂರಿಸುವುದು, ಎಲ್ಲವೂ ಅವನ ತಲೆಗೇ. ಆದರೆ ಮರುದಿನ, ಶನಿವಾರ, ಹೊಸ ಪಾರುಪತ್ಯದವನನ್ನು ಆರಿಸುವ ದಿನ, ಕನ್ನಡಕದ ಅಂಗಡಿಯ ಅವಿಶೈ ಒಪ್ಪಿಯೂ ಆಗಿತ್ತು. ಬೆಳಿಗ್ಗೆ ಹೆಂಡತಿ ರೂಹಾಮಾ ಬಾಗಿಲಲ್ಲಿ ನಿಂತು ಹೇಳಿದ್ದಳು:

"ಇವತ್ತು ಆ ಬೀಗದ ಕೈ ಹಿಡ್ಕೊಂಡು ಮನೆಗೆ ಬಂದ್ರೆ ನಿನಗೆ ಊಟ ಇಲ್ಲ. ಅಲ್ಲೇ ಹಾಸ್ಕೊಂಡು ಮಲಕ್ಕೋ."

ಬೇರ್‌ಶೇವಾದಲ್ಲಿ ಅಂದು ಮರುಭೂಮಿಯ ಬಿಸಿಗಾಳಿ. ಜನ ಬೆವರು ಒರೆಸಿಕೊಳ್ಳುತ್ತಾ ಬಂದು ತಂಪಿನಲ್ಲಿ ಕುಳಿತು ಉಸ್ಸಪ್ಪಾ ಎನ್ನುವಷ್ಟರಲ್ಲಿ ಗೋಡೆಯ ಮೇಲೆ ಟಿಕ್ ಎಂದು ಸದ್ದಾಯಿತು, ಎಸಿ ನಿಂತುಹೋಯಿತು. ನಫ್ತಾಲಿಗೆ ತಕ್ಷಣ ಅರ್ಥವಾಯಿತು. ಹಗಲು ರಾತ್ರಿ ಅದಲುಬದಲು ಮಾಡಿ ಕಟ್ಟಿದ್ದ. ರಾತ್ರಿಯಿಡೀ ಖಾಲಿ ಬೆಂಚುಗಳು ತಂಪಾಗಿ ಮಲಗಿದ್ದವು.

ಪ್ರಾರ್ಥನೆ ಹೇಗೋ ಸಾಗಿತು. ಅಲ್ಲಿ ಸರ್ಕಾರದ ಒಳಿತಿಗಾಗಿ ಒಂದು ಪ್ರಾರ್ಥನೆ ಉಂಟು. ತನ್ನ ಪಕ್ಷ ಅಧಿಕಾರದಲ್ಲಿದ್ದರೆ ಅವಿಶೈ ಅದನ್ನು ಗಟ್ಟಿಯಾಗಿ ಹೇಳುತ್ತಿದ್ದ, ಇಲ್ಲದಿದ್ದರೆ ಕೆಮ್ಮುತ್ತಿದ್ದ. ವಿದೇಶಾಂಗ ಇಲಾಖೆಯಿಂದ ನಿವೃತ್ತನಾದ ಬೆಜಲೇಲ್ ಅದಕ್ಕೆ ತದ್ವಿರುದ್ಧ. ಹೀಗಾಗಿ ಸರ್ಕಾರ ಯಾವುದೇ ಬರಲಿ, ಮಂದಿರದಲ್ಲಿ ಕೆಮ್ಮು ಮಾತ್ರ ನಿಂತದ್ದಿಲ್ಲ.

ಆಮೇಲೆ ಅವಿಶೈಯ ಭಾಷಣ. ವಿಷಯ: ನಮಗೆ ಯಾರ ಹಂಗೂ ಬೇಡ. ಅಮೆರಿಕದ ಆಯುಧವೂ ಬೇಡ, ಯೂರೋಪಿನ ಬುದ್ಧಿವಾದವೂ ಬೇಡ, ಒಂಟಿಯಾಗಿ ಬಾಳುವ ಜನಾಂಗ ನಾವು, ಲೋಕದ ಮೂಲೆಗಳಲ್ಲಿ ಕಳೆದುಹೋದ ನಮ್ಮ ಸಹೋದರರು ಮರಳಿ ಬಂದರೆ ಸಾಕು ಎಂದು ಅವನು ಕಾಲರು ಸಡಿಲಿಸುತ್ತಾ ಹೇಳತೊಡಗಿದ. ಚಿಕ್ಕ ದೇಶಕ್ಕೆ ನಾಲ್ಕು ಜನ ಸ್ನೇಹಿತರಿರಲಿ ಎಂದು ಬೆಜಲೇಲ್ ಕೂತಲ್ಲಿಂದಲೇ ಗೊಣಗಿದ. ಅಷ್ಟರಲ್ಲಿ ಮುದುಕ ಮೀಮೋನ್ ಬೆಂಚಿನಿಂದ ಮೆಲ್ಲಗೆ ಜಾರಿದ. ನೀರು ಚಿಮುಕಿಸಿದರು, ಕಣ್ಣುಬಿಟ್ಟ. ಧರ್ಮಗುರುಗಳಾದ ರಬ್ಬಿಗಳು ನಫ್ತಾಲಿಯನ್ನು ಹತ್ತಿರ ಕರೆದರು.

"ವಯಸ್ಸಾದವರಿದ್ದಾರೆ. ಯೆಹೂದಿ ಅಲ್ಲದ ಯಾರಾದ್ರೂ ಪರಕೀಯನನ್ನ ಕರ್ಕೊಂಡು ಬಾ. ಎಸಿ ಹಾಕು ಅಂತ ಅವನಿಗೆ ಹೇಳೋ ಹಾಗಿಲ್ಲ, ನೆನಪಿರ್ಲಿ. ಸೆಖೆ ಅಂತ ಹೇಳಬಹುದು. ಅವನಾಗೇ ಹಾಕಿದ್ರೆ ಹಾಕಲಿ."

ನಫ್ತಾಲಿ ಉರಿಬಿಸಿಲಿಗೆ ಇಳಿದ. ಸುದ್ದಿ ಅವನಿಗಿಂತ ಮುಂಚೆ ಬೀದಿಗೆ ಬಂದಿತ್ತು. ಒಂದು ಬಾಲ್ಕನಿಯಿಂದ ಔಷಧಿ ಅಂಗಡಿಯ ಅರಬ್ಬನನ್ನು ಕೇಳು ಎಂದರು. ಕೇಳಿದ. ಅವನು ಪಾಪ, ಅಂಗಡಿ ಬಿಟ್ಟು ಬರುವ ಹಾಗಿಲ್ಲವೆಂದು ಒಂದು ಲೋಟ ನೀರು ಕೊಟ್ಟು ಕಳಿಸಿದ. ಇನ್ನೊಂದು ಬಾಲ್ಕನಿಯವಳು, ಮೊದಲು ಪಾರುಪತ್ಯದವನನ್ನು ಬದಲಾಯಿಸಿ ಎಂದಳು. ಅವಳ ಬಾಯಿಗೆ ಸಕ್ಕರೆ ಹಾಕಬೇಕು ಅನ್ನಿಸಿತು ನಫ್ತಾಲಿಗೆ. ತಿರುವಿನಲ್ಲಿ ನಾಯಿ ಹಿಡಿದು ಬರುತ್ತಿದ್ದ ನೆರೆಯ ಜೋಹಾರ್, ಸಿಗರೇಟು ಹಚ್ಚುತ್ತಲೇ ಕೇಳಿದ:

"ಒಂದು ಸ್ವಿಚ್ಚಿಗೆ ಇಷ್ಟು ಒದ್ದಾಟವಾ? ನಾನೇ ಬಂದು ಒತ್ತಿ ಹೋಗ್ತೀನಿ ನಡಿ."

"ನೀನು ಯೆಹೂದಿ ಕಣೋ. ನೀನು ಒತ್ತೋ ಹಾಗಿಲ್ಲ."

"ನಾನು ದೇವರನ್ನೇ ನಂಬಲ್ಲ, ಹಬೀಬಿ."

"ಅದು ನಿನ್ನ ಲೆಕ್ಕ. ಅವನು ನಿನ್ನ ಹೆಸರು ಹೊಡೆದುಹಾಕಿಲ್ಲ."

ಜೋಹಾರ್ ತನ್ನ ಬೆರಳನ್ನೇ ಒಮ್ಮೆ ನೋಡಿಕೊಂಡು ನಕ್ಕ. ಆಮೇಲೆ, ತನ್ನ ಕಟ್ಟಡದ ಕೆಳಗಿನ ಮನೆಯಲ್ಲಿ ಸೌರವಿದ್ಯುತ್ ಕೆಲಸಕ್ಕೆ ಬಂದ ಒಬ್ಬ ಪೋರ್ಚುಗೀಸ್ ಎಂಜಿನಿಯರ್ ಇದ್ದಾನೆ, ಒಳ್ಳೆಯವನು, ಹೆಸರು ದುವಾರ್ತೆ ಎಂದು ತಿಳಿಸಿದ.

ದುವಾರ್ತೆ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕಲ್ಲಂಗಡಿ ತಿನ್ನುತ್ತಿದ್ದ. ನಫ್ತಾಲಿ ಏದುಸಿರು ಬಿಡುತ್ತಾ, ಮಂದಿರದಲ್ಲಿ ತುಂಬಾ ಸೆಖೆ ಎಂದ. ಇಲ್ಲೂ ಸೆಖೆಯೇ ಎಂದ ದುವಾರ್ತೆ, ಹರಕುಮುರುಕು ಹೀಬ್ರೂನಲ್ಲಿ, ಸೌಜನ್ಯದಿಂದ. ಅಲ್ಲಿ ಇನ್ನೂ ಜಾಸ್ತಿ ಎಂದ ನಫ್ತಾಲಿ. ಹಾಗಾದರೆ ಇಲ್ಲೇ ಕೂತುಕೊಳ್ಳಿ ಎಂದು ದುವಾರ್ತೆ ಇನ್ನೊಂದು ಕುರ್ಚಿ ತಂದ, ಕಲ್ಲಂಗಡಿಯ ಹೋಳನ್ನೂ ಮುಂದಿಟ್ಟ. ಸೂಚನೆ ಕೊಡುವುದು ಇಷ್ಟು ಕಷ್ಟದ ಕೆಲಸವೆಂದು ನಫ್ತಾಲಿಗೆ ಗೊತ್ತಿರಲಿಲ್ಲ. ಕೊನೆಗೆ, ನಮ್ಮ ಮಂದಿರ ಒಮ್ಮೆ ನೋಡಿ ಬನ್ನಿ ಎಂದು ಕೈಹಿಡಿದು ಎಬ್ಬಿಸಿಕೊಂಡು ಬಂದ.

ಒಳಗೆ ಬಂದ ಅತಿಥಿಯನ್ನು ಕಂಡು ಇಡೀ ಸಭೆ ಒಂದೇ ಬಾಯಲ್ಲಿ ಸೆಖೆ, ಸೆಖೆ ಎಂದಿತು. ದುವಾರ್ತೆ ಕನಿಕರದಿಂದ ಕಿಟಕಿಗಳನ್ನೆಲ್ಲ ತೆರೆದ. ಬಿಸಿಗಾಳಿ ಒಲೆಯ ಬಾಯಿ ತೆಗೆದ ಹಾಗೆ ನುಗ್ಗಿತು. ಅವನು ಅವಸರವಾಗಿ ಮುಚ್ಚಿದ, ಮೀಮೋನ್‌ನ ಪಕ್ಕ ಕೂತು ತನ್ನ ಟೋಪಿಯಿಂದ ಗಾಳಿ ಹಾಕತೊಡಗಿದ. ಯಾರ ಹಂಗೂ ಬೇಡ ಎಂಬಲ್ಲಿಗೆ ಮತ್ತೆ ಬಂದಿದ್ದ ಅವಿಶೈಗೆ ತಡೆಯಲಾಗಲಿಲ್ಲ. ಭಾಷಣ ನಿಲ್ಲಿಸಿ, ಆಕಾಶಕ್ಕೆ ಹೇಳುವವನಂತೆ ಹೇಳಿದ:

"ಆ ಮೂಲೇಲಿ ಒಂದು ಬಿಳಿ ಪೆಟ್ಟಿಗೆ ಇದೆ. ಅದರೊಳಗೆ ಒಂದು ಗುಂಡಿ ಇದೆ. ನಾವ್ಯಾರೂ ಅದನ್ನ ಮುಟ್ಟಲ್ಲ. ಇಷ್ಟೇ ನಾನು ಹೇಳೋದು."

ದುವಾರ್ತೆ ಎದ್ದುಹೋಗಿ ಒತ್ತಿದ. ತಂಪು ಇಳಿಯಿತು. ಮೀಮೋನ್‌ನ ಮುಖಕ್ಕೆ ಜೀವ ಬಂತು. ಅವಿಶೈ ಬೆವರೊರೆಸಿಕೊಂಡು, ನಮ್ಮ ಕೆಲಸಕ್ಕೆ ಅನ್ಯರ ಒಂದು ಬೆರಳೂ ಬೇಕಾಗಿಲ್ಲ ಎಂದು ಭಾಷಣ ಮುಂದುವರಿಸಿದ. ಬೆಜಲೇಲ್ ನಗು ತಡೆಯಲು ಪುಸ್ತಕ ಅಡ್ಡ ಹಿಡಿದ.

ಪ್ರಾರ್ಥನೆಯೆಲ್ಲ ಮುಗಿದು ದ್ರಾಕ್ಷಾರಸ ಹಂಚುವಾಗ ದುವಾರ್ತೆಯ ಕೈಗೂ ಒಂದು ಲೋಟ ಕೊಟ್ಟರು. ನಫ್ತಾಲಿ ಹಗುರಾಗಿದ್ದ. ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲೆ, ಅವಿಶೈಯ ಕೈಗೆ ಎಟುಕುವ ಹಾಗೆ ಇಟ್ಟೂಬಿಟ್ಟಿದ್ದ. ಅಷ್ಟರಲ್ಲಿ ಅತಿಥಿ, ನಿನ್ನೆ ಸಂಜೆಯ ಶಬ್ಬತ್ ದೀಪಗಳ ಕರಿಗಟ್ಟಿದ ಬತ್ತಿಗಳನ್ನು ನೋಡುತ್ತಾ ನಿಂತವನು ಮೆಲ್ಲಗೆ ಹೇಳಿದ:

"ನಮ್ಮಜ್ಜಿನೂ ಹಚ್ತಿದ್ಲು. ಅಮ್ಮನ ಅಮ್ಮ. ಶುಕ್ರವಾರ ಶುಕ್ರವಾರ ಬೀರುವಿನೊಳಗೆ ದೀಪ ಹಚ್ಚಿಟ್ಟು ಬಾಗಿಲು ಮುಚ್ತಿದ್ಲು. ಯಾಕಜ್ಜಿ ಅಂದ್ರೆ ಬೈಯೋಳು."

ಲೋಟಗಳು ಅಲ್ಲಲ್ಲೇ ನಿಂತವು. ಹಿಂದೆ ಪೋರ್ಚುಗೀಸ್ ರಾಜನ ಕಾಟಕ್ಕೆ ಹೆದರಿ ಶಿಲುಬೆ ಕಟ್ಟಿಕೊಂಡು, ಬೀರುವಿನಲ್ಲಿ ಧರ್ಮ ಬಚ್ಚಿಟ್ಟವರ ಪದ್ಧತಿ ಅದೆಂದು ಅಲ್ಲಿ ಎಲ್ಲರಿಗೂ ಗೊತ್ತು. ತಾಯಿಯ ತಾಯಿ ಯೆಹೂದಿಯಾದರೆ ಮೊಮ್ಮಗನೂ ಯೆಹೂದಿ. ಯೆಹೂದಿ ಶಬ್ಬತ್ ಮುರಿದು ಹಾಕಿದ ಎಸಿಯ ತಂಪು ಯಾರಿಗೂ ಸಲ್ಲದು.

ಅವಿಶೈ ಕಣ್ಣಲ್ಲಿ ನೀರು ತಂದುಕೊಂಡು, ಕಳೆದುಹೋದ ಸಹೋದರ ಸಿಕ್ಕ ಎಂದು ಅವನನ್ನು ತಬ್ಬಿದ. ಸ್ನೇಹಿತರ ಪರವಾಗಿ ಜೀವಮಾನವೆಲ್ಲ ವಾದಿಸಿದ ಬೆಜಲೇಲ್ ಎದ್ದು ನಿಂತು, ಒಂದು ಅಜ್ಜಿಕತೆ ಪುರಾವೆಯಲ್ಲ, ಇವನು ಶುದ್ಧ ಪರಕೀಯ, ಎಲ್ಲರೂ ಸುಮ್ಮನೆ ಕೂತುಕೊಳ್ಳಿ ಎಂದ. ಪರಕೀಯನೆಂದರೆ ಅವಿಶೈಯ ಭಾಷಣ ಮಣ್ಣುಪಾಲು, ಸಹೋದರನೆಂದರೆ ಎಲ್ಲರೂ ಬಿಸಿಲುಪಾಲು. ಕೂಗಾಟ ತಾರಕಕ್ಕೇರಿತು. ರಬ್ಬಿಗಳು ಇಷ್ಟು ಹೊತ್ತು ಸವಿದ ತಂಪನ್ನು ನೆನೆದು ನಿಟ್ಟುಸಿರಿಟ್ಟರು.

"ಸಂಶಯ ಬಂದಾಗಿದೆ. ಹೊರಗೆ ನಡೀರಿ."

ಎಲ್ಲರೂ ತಟ್ಟೆ ಹಿಡಿದು ಅಂಗಳದ ಒಂದೇ ಒಂದು ಮರದ ಕೆಳಗೆ ಒತ್ತೊತ್ತಾಗಿ ನಿಂತರು. ಎಸಿ ಆರಿಸುವುದೂ ನಿಷಿದ್ಧವೇ ಆದ್ದರಿಂದ ಒಳಗೆ ಬೆಂಚುಗಳು ಮತ್ತೆ ತಂಪಾಗಿ ಮಲಗಿದವು. ಆಯ್ಕೆಯ ಮಾತು ಬಂದಾಗ ಅವಿಶೈ ಕೈಮುಗಿದ. ಈ ಅತಿಥಿ ಯಾರೆಂದು ಜೆರುಸಲೇಮಿನ ಹಿರಿಯ ರಬ್ಬಿಗಳು ತೀರ್ಮಾನಿಸುವ ತನಕ ನಾನು ಆ ಬೀಗದ ಕೈ ಮುಟ್ಟಲಾರೆ ಎಂದ. ಜೆರುಸಲೇಮಿನ ತೀರ್ಮಾನಗಳು ವರ್ಷಗಟ್ಟಲೆ ಹಿಡಿಯುತ್ತವೆ. ಗಡಿಯಾರ ತಪ್ಪು ಕಟ್ಟಿ ಈ ಗೊಂದಲ ಮಾಡಿದವನೇ ಅಲ್ಲಿಯವರೆಗೆ ನೋಡಿಕೊಳ್ಳಲಿ ಎಂದ ಬೆಜಲೇಲ್. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಮಂದಿರದ ಚರಿತ್ರೆಯಲ್ಲೇ ಮೊದಲು. ಸಭೆ ಹರ್ಷದಿಂದ ಅನುಮೋದಿಸಿತು.

ಸಹೋದರ ಎಂದು ತಬ್ಬಿದವನೂ ಅತಿಥಿಯನ್ನು ಊಟಕ್ಕೆ ಕರೆಯಲಿಲ್ಲ. ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಟೋಪಿ ತಿರುಗಿಸುತ್ತಾ ನಿಂತಿದ್ದ ದುವಾರ್ತೆಯ ಕೈಯನ್ನು ನಫ್ತಾಲಿ ಹಿಡಿದುಕೊಂಡ. ದಾರಿಯುದ್ದಕ್ಕೂ ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತಾ, ಅಜ್ಜಿಯ ಹೆಸರು ಕೇಳುತ್ತಾ, ಮನೆಗೆ ಕರೆತಂದ. ಮತ್ತೆ ಅವನ ಜೇಬು ಸೇರಿದ್ದ ಬೀಗದ ಕೈ ನಡೆದಂತೆಲ್ಲ ಸದ್ದು ಮಾಡುತ್ತಿತ್ತು.

ಬಾಗಿಲು ತೆರೆದರೆ ಒಳಗಿನ ಗಾಳಿ ಬೀದಿಯದಕ್ಕಿಂತ ಬಿಸಿ. ರೂಹಾಮಾ ಕೆಂಪಾದ ಮುಖದಲ್ಲಿ ಹಳೆಯ ಪತ್ರಿಕೆ ಬೀಸಿಕೊಳ್ಳುತ್ತಾ ಕೂತಿದ್ದಳು. ಮೊದಲು ಗಂಡನ ಜೇಬು ನೋಡಿದಳು, ಆಮೇಲೆ ಗೋಡೆಯ ಮೇಲಿನ ಶಬ್ಬತ್ ಗಡಿಯಾರ ನೋಡಿದಳು.

"ಬೆಳಿಗ್ಗೆ ನೀನು ಆ ಕಡೆ ಹೋದೆ, ಇದು ಈ ಕಡೆ ನಿಂತುಹೋಯ್ತು. ನಿನ್ನೆ ಏನು ಕಟ್ಟಿದ್ದೆ ನೀನು?"

ನಫ್ತಾಲಿಯೂ ಗಡಿಯಾರ ನೋಡಿದ: ಇಲ್ಲೂ ಅದೇ ಅದಲುಬದಲು. ಅವನು ಬಾಯಿ ತೆರೆಯುವ ಮುಂಚೆಯೇ ದುವಾರ್ತೆ ಮನೆಯನ್ನೊಮ್ಮೆ ನೋಡಿ, ಈಗ ಎಲ್ಲ ಅರ್ಥವಾದವನ ಹಾಗೆ ಮುಗುಳ್ನಕ್ಕು, ಬೆರಳು ಮುಂದೆ ಮಾಡಿಕೊಂಡು ಸ್ವಿಚ್ಚಿನ ಕಡೆ ಹೊರಟ.

"ಇಲ್ಲೂ ಸೆಖೆ, ಅಲ್ವಾ?"

ನಫ್ತಾಲಿ ಅವನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದ.

"ಕೂತ್ಕೋ ತಮ್ಮಾ. ನೀನೂ ಈಗ ನಮ್ಮವನೇ."