ಸೂಜಿಯ ಹಿಂದೆ ಬಿದ್ದ ಬೋರಲಿಂಗಯ್ಯ

"ಈ ಮನೇಲಿ ಇನ್ಮೇಲೆ ನಾನಿರ್ಬೇಕು, ಇಲ್ಲಾ ಕೊರಿಯಾ ಇರ್ಬೇಕು!"

ಮಾಗಡಿ ಪಕ್ಕದ ಹಳ್ಳಿಯ ಬೋರಲಿಂಗಯ್ಯ ಹೀಗೆ ಯುದ್ಧ ಸಾರಿದ್ದಕ್ಕೆ ಕಾರಣವಿತ್ತು. ಹಬ್ಬಕ್ಕೆ ಬಂದಿದ್ದ ಮಗಳು ಭಾನುಪ್ರಿಯ, ಟೀವಿಯಲ್ಲಿ ಕನ್ನಡ ಮಾತಾಡುವ ಕೊರಿಯಾ ಧಾರಾವಾಹಿಯೊಂದನ್ನು ಹಾಕಿಕೊಟ್ಟು ಹೋಗಿದ್ದಳು. ಅಂದಿನಿಂದ ಹೆಂಡತಿ ಮುನಿಯಮ್ಮನ ಸಾರಿನಲ್ಲಿ ಒಂದು ದಿನ ಉಪ್ಪಿಲ್ಲ, ಮರುದಿನ ಉಪ್ಪು ಬಿಟ್ಟರೆ ಬೇರೇನಿಲ್ಲ! ನಿನ್ನೆಯಂತೂ "ಅಯ್ಯೋ, ಸೂಜಿ ಎಲ್ಲೂ ಸಿಗ್ತಿಲ್ವಲ್ಲಾ!" ಎಂದು ಅವಳು ಗೋಳಾಡಿದಾಗ, ಪಾಪ, ಬೋರಲಿಂಗಯ್ಯ ಬೋರಲು ಬಿದ್ದು ಮಂಚದಡಿಯೆಲ್ಲ ತಡಕಾಡಿದ್ದ. ಸೂಜಿ ಅಂದರೆ ಧಾರಾವಾಹಿಯ ನಾಯಕಿ ಎಂದು ಗೊತ್ತಾದದ್ದು ಮಂಡಿ ತರಚಿದ ಮೇಲೆ!

ಇವತ್ತು ಮುನಿಯಮ್ಮ "ಹಸ ಕಟ್ಟಾಕಿ, ಮರೀಬ್ಯಾಡಿ" ಎಂದು ಹೇಳಿ ಸಂತೆಗೆ ಹೋದಳು. ಟೀವಿ ವೈರು ಕಿತ್ತು ಅಟ್ಟಕ್ಕೆಸೆಯಲು ಇದಕ್ಕಿಂತ ಸುಮುಹೂರ್ತ ಉಂಟೆ? ಅದಕ್ಕೂ ಮುಂಚೆ ಶತ್ರುವಿನ ಮುಖ ಒಮ್ಮೆ ನೋಡೋಣವೆಂದು ಟೀವಿ ಹಾಕಿದ. ಸೂಜಿ ಅಳುತ್ತಿದ್ದಳು. ಯಾಕೆ ಅಳುತ್ತಾಳೆಂದು ತಿಳಿದುಕೊಂಡೇ ಕೀಳೋಣ ಎಂದು ಕೂತ.

ಮೂರನೇ ಎಪಿಸೋಡಿನ ಹೊತ್ತಿಗೆ ಪಕ್ಕದ ಮನೆಯ ಯಲ್ಲಮ್ಮ ಹಸುವಿನ ಹಗ್ಗ ಹಿಡಿದು ಬಾಗಿಲಲ್ಲಿ ಗುಡುಗಿದಳು.

"ಏನ್ ಬೋರಣ್ಣ, ನಿಮ್ ಹಸ ನನ್ ಹಿಪ್ಪುನೇರಳೆ ಸೊಪ್ಪೆಲ್ಲಾ ಮೇಯ್ತಾ ಇತ್ತು! ನನ್ ರೇಷ್ಮೆ ಹುಳ ಉಪಾಸ ಬಿದ್ದು ಸಾಯ್ಬೇಕಾ?"

"ಒಸಿ ಸುಮ್ಕಿರವ್ವ! ಸೂಜಿಗೆ ಅವಳತ್ತೆ ಹಾಲಲ್ಲಿ ವಿಷ ಹಾಕವ್ಳೆ!"

"ಅಯ್ಯೋ ಪಾಪ ಮುಂಡೇದು! ಕುಡ್ದೇಬುಟ್ಳಾ?"

ಯಲ್ಲಮ್ಮ ಅಲ್ಲೇ ಕೂತಳು. ಕೈಯಿಂದ ಹಗ್ಗ ಜಾರಿತು. ಅರ್ಧಕ್ಕೆ ನಿಂತಿದ್ದ ಊಟ ಮುಗಿಸಲು ಹಸು ಗಂಭೀರವಾಗಿ ತೋಟಕ್ಕೆ ಹಿಂದಿರುಗಿತು!

ಸಂತೆಯಿಂದ ಬಂದ ಮುನಿಯಮ್ಮ ನೋಡುತ್ತಾಳೆ: ಸೆರಗಿನಲ್ಲಿ ಮೂಗೊರೆಸುತ್ತಿರುವ ಯಲ್ಲಮ್ಮ, ಟವೆಲಿನಲ್ಲಿ ಕಣ್ಣೊರೆಸುತ್ತಿರುವ ಗಂಡ, ಆಚೆ ಬೋಳು ತೋಟದ ನಡುವೆ ಮೆಲುಕು ಹಾಕುತ್ತಿರುವ ಹಸು! ಅವಳು ಸಂತೆ ಚೀಲ ಕೆಳಗಿಟ್ಟಳು. ಟೀವಿ ಆರಿಸಿ ರಿಮೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏಯ್! ಸೂಜಿ ಬದುಕ್ತಾಳೋ ಇಲ್ವೋ, ಅದ್ನಾದ್ರೂ ಹೇಳೇ!"

"ನಮ್ ತೋಟದ ಹಿಪ್ಪುನೇರಳೆ ಸೊಪ್ಪು ಕುಯ್ದು ಯಲ್ಲಕ್ಕನ ಹುಳಕ್ಕೆ ಹಾಕಿ ಬನ್ನಿ. ದಿನಕ್ಕೊಂದು ಹೊರೆ, ಹುಳ ಗೂಡು ಕಟ್ಟೋಗಂಟ. ಹೊರೆಗೊಂದು ಎಪಿಸೋಡು!"

ಬೋರಲಿಂಗಯ್ಯ ತೆಪ್ಪಗೆ ಕುಡುಗೋಲು ಎತ್ತಿಕೊಂಡ. ಹೊಸ್ತಿಲವರೆಗೂ ಹೋದವನು ತಿರುಗಿ, ತಲೆ ಕೆರೆದು, ಮೆತ್ತಗೆ ಕೇಳಿದ:

"ಇವತ್ತೇ ಎಲ್ಡು ಹೊರೆ ಹಾಕುದ್ರೆ?"