ಆನಿ ಬಿಲ್ಲಿ ಬೆನ್ನು ಹತ್ತಿದವನ ಫಜೀತಿ

ತಾಮ್ರದ ಹಳೇ ಬಿಲ್ಲಿ, ಅಂದ್ರ ಹಳೇ ನಾಣ್ಯ, ಕೂಡಿಸೋ ಹುಚ್ಚು ಒಮ್ಮೆ ಹತ್ತಿತಂದ್ರ ಆತು, ಫಜೀತಿ ತಾನ ಮನಿ ಹುಡುಕ್ಕೊಂಡು ಬರತೈತಿ. ನನಗಂತೂ ಹತ್ತು ಹನ್ನೆರಡು ವರ್ಷ ಅದು ತಪ್ಪದ ಬಂತು. ಎಪ್ಪತ್ತರ ದಶಕದಾಗ ನಾನು ಮಲೇರಿಯಾ ಖಾತೇದಾಗ ಇದ್ದೆ. ಗದಗ, ಶಿರಹಟ್ಟಿ, ಮುಂಡರಗಿ ಕಡೆ ಮನಿ ಮನಿಗೆ ಹೋಗೋದು, ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿ ಮ್ಯಾಲ ಒಂದು ಹನಿ ರಕ್ತ ತಗೊಳ್ಳೋದು, ಗ್ವಾಡಿ ಮ್ಯಾಲ ತಾರೀಖು ಬರೆಯೋದು. ಬರದಾದ ಮ್ಯಾಲ ಮೆಲ್ಲಕ "ಹಳೇ ಬಿಲ್ಲಿ ಅದಾವೇನ್ರಿ?" ಅಂತ ಕೇಳೋದು. ಈ ಕಡೀ ಕೆಲಸ ಸರ್ಕಾರ ಹೇಳಿದ್ದಲ್ಲ.

ಹಿಂಗ ಒಂದು ಬಿಸ್ಕೀಟ್ ಡಬ್ಬಿ ತುಂಬಿತು. ಗದಗಿನ ಕಾಲೇಜಿನಾಗ ಇತಿಹಾಸ ಕಲಿಸೋ ಪ್ರೊಫೆಸರ್ ಒಬ್ಬರಿಗೆ ಒಯ್ದು ತೋರಿಸಿದೆ. ಅವರು ಒಂದೊಂದ ಹೊಳ್ಳಿಸಿ ನೋಡಿ, "ಎಲ್ಲಾ ಐತಿ ತಮ್ಮಾ, ಆನಿ ಬಿಲ್ಲಿ ಇಲ್ಲಲಾ! ಸುಲ್ತಾನರ ಕಾಲದ್ದು, ಒಂದು ಬಾಜು ಆನಿ ನಿಂತಿರತೈತಿ. ಅದು ಸಿಕ್ಕ ದಿವಸ ಹೇಳಿಕಳಸು, ನಾನ ನಿಮ್ಮನಿಗೆ ಬಂದು ನೋಡತೀನಿ" ಅಂದ್ರು. ಅಂಥಾ ದೊಡ್ಡವರು ನಮ್ಮನಿಗೆ! ಅವತ್ತಿನಿಂದ ನನಗ ಊಟ ರುಚಿ ಹತ್ತಲಿಲ್ಲ.

೧. ಹೊಂಬಳಕ್ಕ ಜ್ವರ ಇಲ್ಲ

ಹೊಂಬಳದಾಗ ಒಬ್ಬಾಕಿ ಮುದುಕಿಗೆ ಸೂಜಿ ಅಂದ್ರ ಜೀವ ಹೋಗತಿತ್ತು. "ಎಪ್ಪಾ, ನಿನಗ ಬಿಲ್ಲಿ ಬೇಕಲ್ಲ? ತಗೋ. ನನ್ನ ಬೆರಳ ಬಿಡು" ಅಂತ ಒಂದು ತೂತಬಿಲ್ಲಿ ಕೈಯಾಗ ಇಟ್ಟಳು. ನಾನೂ ಮನಷ್ಯಾ, ತಗೊಂಡೆ.

ಮುಂದಿನ ಸರತಿ ಹೋದಾಗ ಇಡೀ ಓಣಿ ಬಿಲ್ಲಿ ಹಿಡಕೊಂಡು ಕಟ್ಟಿ ಮ್ಯಾಲ ಕುಂತಿತ್ತು. ಒಬ್ಬರಿಗೂ ಜ್ವರ ಇಲ್ಲ! ಕಂಬಳಿ ಹೊತಗೊಂಡು ಗಡಗಡ ನಡಗಾಕ ಹತ್ತಿದ್ದವನೂ "ನನಗೇನಾಗೇತ್ರಿ, ಗಟ್ಟಿ ಅದೀನಿ" ಅಂದ. ಅವನ ಕೈ ಹಿಡದು ಚುಚ್ಚೋತನಕ ನನ್ನ ಜೀವ ಹೈರಾಣ ಆತು.

ಇದೇನಪಾ ಹೊಂಬಳದಾಗ ಜ್ವರನ ಇಲ್ಲಲ್ಲ ಅಂತ ಸಂಶೇ ಬಂದು ನಮ್ಮ ಮ್ಯಾಲಿನ ಸಾಹೇಬರು ಖುದ್ದು ಬಂದ್ರು. ಮುದುಕಿ ಅವರನ್ನ ಕೆಳಗ ಮ್ಯಾಲ ನೋಡಿ, "ಸಣ್ಣ ಸಾಹೇಬಗ ಒಂದು ಕೊಟ್ಟೀನ್ರಿ. ನೀವು ದೊಡ್ಡ ಸಾಹೇಬರು, ಎರಡು ತಗೋರಿ" ಅಂದಳು. ನನಗ ಮೆಮೊ ಸಿಕ್ಕಿತು. ಆನಿ ಸಿಗಲಿಲ್ಲ.

೨. ಒಂದು ತೊಲಿ

ಲಕ್ಷ್ಮೇಶ್ವರದ ಬಜಾರದಾಗ ನಾಟಿ ಔಷಧದ ಅಂಗಡಿ ಅಜ್ಜ ಒಬ್ಬ ಅಳಲೆಕಾಯಿ ತೂಗಾಕ ಹತ್ತಿದ್ದ. ತಕ್ಕಡಿಯೊಳಗ ನೋಡತೀನಿ, ತೂಕದ ಕಲ್ಲಿನ ಬದಲಿ ಆನಿ! ಓಡಿಹೋಗಿ ಅಂಗಡಿ ಮುಂದ ನಿಂತೆ.

"ಅಜ್ಜಾರ, ಅದನ್ನ ನನಗ ಕೊಡ್ರಿ. ಅಷ್ಟ ತೂಕದ್ದು ಹೊಸಾದು ತಂದುಕೊಡತೀನಿ."

"ಇದು ಬರೋಬ್ಬರಿ ಒಂದು ತೊಲಿ. ನಮ್ಮಜ್ಜನ ಕಾಲದಿಂದ ಇದರಾಗ ತೂಗತೀವಿ. ತಂದುಕೊಟ್ಟು ಒಯ್ಯಿ" ಅಂದ.

ಗದಗಿಗೆ ಓಡಿಹೋಗಿ ಹಿತ್ತಾಳಿದು ಒಂದು ತೊಲಿ ತೂಕ ತಂದೆ. ಅಜ್ಜ ಒಂದು ಕಡೆ ಅದನ್ನ ಇಟ್ಟ, ಒಂದು ಕಡೆ ಆನಿ ಇಟ್ಟ. ಹಿತ್ತಾಳಿ ಟಣ್ ಅಂತ ಕೆಳಗ, ಆನಿ ಮ್ಯಾಲ! ಮೂರು ತಲಿಮಾರಿನ ಹೆಬ್ಬೆಟ್ಟು ತಾಗಿ ಆನಿ ಸವದು ಹೋಗಿತ್ತು. ಅಜ್ಜ ಬಜಾರದ ಆ ಕಡೆ ಈ ಕಡೆ ನೋಡಿ, ಹೊಸಾ ತೂಕ ನನ್ನ ಚೀಲಕ್ಕ ಹಾಕಿ, ಪಿಸುಪಿಸು ಅಂದ: "ಇದನ್ನಿಟ್ಟರ ಇಷ್ಟು ದಿವಸ ಎಷ್ಟು ಕಡಿಮಿ ಕೊಟ್ಟೀವಿ ಅಂತ ಊರಿಗೆ ಗೊತ್ತಾಗತೈತಿ. ಕೈ ಮುಗಿತೀನಿ, ಯಾರ ಮುಂದೂ ಅನ್ನಬ್ಯಾಡ."

ನನ್ನ ಬಾಯಿ ಮುಚ್ಚಸಾಕ ಒಂದು ತೊಲಿ ಕಲ್ಲುಸಕ್ಕರಿ ಪುಕ್ಕಟ ಕೊಟ್ಟ. ಅದನ್ನೂ ಆ ಆನಿಯಿಂದನ ತೂಗಿದ.

೩. ಶಿರಹಟ್ಟಿ ಆಯಿ

ಶಿರಹಟ್ಟಿಯಾಗ ಒಬ್ಬಾಕಿ ಆಯಿ ದೇವರ ಜಗಲಿ ಮ್ಯಾಲಿಂದ ಒಂದು ಕರ್ರಗಿನ ಬಿಲ್ಲಿ ತಂದು ತೋರಿಸಿದಳು. ಸೊಂಡಿಲು, ಬಾಲ, ನಾಕೂ ಕಾಲು, ಎಲ್ಲಾ ಸ್ವಚ್ಛ ಕಾಣತಿದ್ದುವು. "ಸೋಮವಾರ ಬಾ ಮಗನ, ಕೊಡತೀನಿ. ದೇವರ ಮುಂದಿಂದು, ಹಂಗ ಕೊಡಬಾರದು" ಅಂದಳು.

ಸೋಮವಾರ ಹೊತ್ತು ಏರೂದ್ರಾಗ ಹೋಗಿ ನಿಂತೆ. ಆಯಿ ನಕ್ಕೋತ ಬಂದು ಕೈಯಾಗ ಇಟ್ಟಳು. ಲಕಲಕ ಹೊಳಿತಿತ್ತು. ಎರಡೂ ಬಾಜು ನುಣ್ಣಗ, ಕನ್ನಡಿ ಆದಂಗ ಆಗಿತ್ತು.

"ಆಯೀ, ಏನು ಮಾಡಿದಿ?"

"ಹೊಲಸು ಹೆಂಗ ಕೊಡ್ಲೆಪಾ? ಹುಣಸಿಹಣ್ಣು ಹಚ್ಚಿದೆ, ಬೂದಿ ಹಚ್ಚಿದೆ, ಹೋಗಲಿಲ್ಲ. ಕಡೀಕ ಕಲ್ಲಿಗೆ ಹಾಕಿ ತಿಕ್ಕಿದೆ. ಸೊಂಡಿಲಿನಂಥಾದು ಒಂದು ಅಂಟಿತ್ತು ನೋಡು, ಅದನ್ನ ತೆಗಿಯಾಕ ಎರಡು ದಿವಸ ಹಿಡೀತು!"

ಆಕಿ ಕೈಬೆರಳು ಕೆಂಪಗಾಗಿದ್ದುವು. ನನಗಾಗಿ ಅಷ್ಟು ತಿಕ್ಕ್ಯಾಳ, ಏನಂತ ಬೈಲಿ? ಕಾಲಿಗೆ ಬಿದ್ದು ಬಂದೆ. ಬಸ್‌ಸ್ಟ್ಯಾಂಡಿನಾಗ ಕುಂತು ಖರೇನ ಅತ್ತೆ. ಬಾಜುಕ ಕುಂತವರು "ಯಾರು ಹೋದ್ರಿ?" ಅಂತ ಕೇಳಿದ್ರು. "ಆನಿ" ಅಂದೆ. ಅವರು ಎದ್ದು ದೂರ ಹೋಗಿ ಕುಂತ್ರು.

೪. ಸೋರೋ ಕೊಡ

ಇನ್ನ ಸಾಕು, ಈ ಜನ್ಮದಾಗ ನನಗ ಆನಿ ಇಲ್ಲ ಅಂತ ಆಸೆ ಬಿಟ್ಟಿದ್ದೆ. ಮುಂಡರಗಿಯಾಗ ಕಲಾಯಿ ಹಾಕೋ ಚಾಚಾ ಒಬ್ಬರು ತಾಮ್ರದ ಕೊಡದ ತೂತಿಗೆ ತ್ಯಾಪಿ ಹಾಕಾಕ ಕುಂತಿದ್ರು. ಚಿಮಟಾದಾಗ ಹಿಡದಿದ್ದು ನನ್ನ ಆನಿ! ಸುತ್ತಿಗಿ ಮ್ಯಾಲೆತ್ತಿದ್ರು.

"ಚಾಚಾ! ನಿಂದರ್ರಿ!" ಅಂತ ಒದರಿದೆ.

ನನ್ನ ಮಾರಿ ನೋಡಿ ಚಾಚಾ ಹೆದರಿ, "ತಗೋರಿ ಸಾಹೇಬ್ರ, ಅಳಬ್ಯಾಡ್ರಿ. ತ್ಯಾಪಿಗೆ ಬ್ಯಾರೆ ಬಿಲ್ಲಿ ಅದಾವು" ಅಂತ ಹಂಗ ಕೊಟ್ಟರು. ಆದರ ಬಾಜುಕ ನಿಂತಿದ್ದ ಆ ಕೊಡದಾಕಿ ಬಿಡಬೇಕಲ್ಲ! "ಅಷ್ಟು ದೊಡ್ಡ ಸಾಹೇಬರು ಅದಕ್ಕ ಬಾಯಿ ಬಿಡತಾರಂದ್ರ ಅದ ಗಟ್ಟಿ ತಾಮ್ರ. ನನ್ನ ಕೊಡಕ್ಕ ಅದ ಬೇಕು" ಅಂತ ಕುಂತಳು. ಕಡೀಕ ಆಕಿಗೆ ಹೊಸಾ ಕೊಡ ಕೊಡಿಸಿ, ಸೋರೋ ಕೊಡ ನಾನು ಹೊತಗೊಂಡು ಬೆಟಗೇರಿಯ ನಮ್ಮನಿಗೆ ಬಂದೆ.

ನನ್ನ ಹೆಂಡತಿ ಕೊಡ ನೋಡಿ ಹಣಿ ಬಡಕೊಂಡಳು. ನಾನು ಬಿಲ್ಲಿ ತೋರಿಸಿ, "ಇದಕ್ಕಿಂತ ದೊಡ್ಡ ಒಡವಿ ನಮ್ಮನಿಯಾಗ ಇನ್ನೊಂದಿಲ್ಲ, ಜ್ವಾಕಿ" ಅಂದೆ. ಅಲ್ಲೇ ನಾನು ಕೆಟ್ಟೆ.

೫. ಪ್ರೊಫೆಸರ್ ಬಂದ್ರು

ಆಗ ಬೆಟಗೇರಿಯಾಗ ನಮ್ಮದು ಎರಡು ಖೋಲಿ ಮನಿ ಏಳಾಕ ಹತ್ತಿತ್ತು, ನಾವು ಅದರಾಗನ ಇದ್ವಿ. ಪ್ರೊಫೆಸರರಿಗೆ ಹೇಳಿಕಳಿಸಿ, ನಾನು ಮೂರು ದಿವಸ ಮುಳಗುಂದಕ್ಕ ಔಷಧ ಹೊಡಸಾಕ ಹೋದೆ. ಹೊಳ್ಳಿ ಬರೋದು, ಪ್ರೊಫೆಸರ್ ನಮ್ಮ ಬಾಗಲ ದಾಟೋದು ಒಂದ ಆತು. ಡಬ್ಬಿ ತಗದೆ. ಆನಿ ಇಲ್ಲ.

"ಏ, ಆನಿ ಎಲ್ಲಿ?" ಅಂದೆ.

"ಇಲ್ಲೇ ಐತಲ್ರಿ" ಅಂತ ಹೆಂಡತಿ ಬಾಗಲ ಕಡೆ ಕೈ ಮಾಡಿದಳು. "ನಿನ್ನೆ ಮನಿ ಕಟ್ಟಾವರು ಹೊಸ್ತಿಲಾ ಕುಂಡ್ರಿಸಿದ್ರು. ಕೆಳಗ ಬಂಗಾರ ಹಾಕಬೇಕು ಅಂದ್ರು. ಬಂಗಾರ ಎಲ್ಲೈತ್ರಿ ನಮ್ಮನಿಯಾಗ? ದೊಡ್ಡ ಒಡವಿ ಅದ ಅಂದಿದ್ರಲ್ಲ, ಅರಿಷಿಣ ಕುಂಕುಮ ಹಚ್ಚಿ ಹಾಕಿದೆ."

ಮ್ಯಾಲ ಸಿಮೆಂಟು ಕಲ್ಲಾಗಿ ಕುಂತಿತ್ತು. ಹತ್ತು ವರ್ಷದ ತಿರುಗಾಟ ಅದರ ಕೆಳಗ. ನನಗ ತಲಿ ತಿರಗಿ, ಹಿತ್ತಲದಾಗಿನ ಹಾರಿ ಎತ್ತಿಕೊಂಡು ಬಂದೆ. ಹೊಸ್ತಿಲ ಮ್ಯಾಲ ಕಾಲಿಟ್ಟರ ಹೊಡಿಯಾಕ ಬರೋ ನನ್ನ ಹೆಂಡತಿ ಸೀದಾ ಹೋಗಿ ಅದರ ಮ್ಯಾಲ ಕುಂತಬಿಟ್ಟಳು. "ಮೊದಲ ನನ್ನ ಒಡೀರಿ" ಅಂದಳು. ಕಣ್ಣಾಗ ನೀರು. ನನ್ನ ಕಣ್ಣಾಗೂ ನೀರು.

ಪ್ರೊಫೆಸರ್ ನನ್ನ ಕೈಯಾಗಿನ ಹಾರಿ ಇಸಗೊಂಡು ಕೆಳಗಿಟ್ಟರು. "ಬಿಡು ತಮ್ಮಾ. ಇಷ್ಟು ಭದ್ರ ಇಟ್ಟ ಬಿಲ್ಲಿ ನಾನು ಎಲ್ಲೂ ನೋಡಿಲ್ಲ" ಅಂದ್ರು.

ಹೆಂಡತಿ ಸೆರಗಿಲೆ ಕಣ್ಣು ಒರಸಿಕೊಂಡು ಎದ್ದಳು. "ನೋಡ್ರಿ, ಕಲತವರಿಗೆ ತಿಳೀತು" ಅಂದಳು. ಆಮ್ಯಾಲ ನನ್ನ ಕಂಕುಳದಾಗಿನ ಡಬ್ಬಿ ನೋಡಿ ಕೈ ಚಾಚಿದಳು.

"ಅದನ್ನ ಈ ಕಡೆ ಕೊಡ್ರಿ. ನಾಳೆ ಹಿತ್ತಲ ಬಾಗಲದ ಹೊಸ್ತಿಲಾ ಐತಿ."